ಒಂದು ಮಳೆಗಾಲ, ಒಂದೇ ಅಂಗಳ: ಮಲೆನಾಡಿನಲ್ಲಿ ಫೋಟೊ, ವಿಡಿಯೊ ಕಲಿಯುವ ಬಗೆ

ಜೂನ್ ಬಂತು ಅಂದ್ರೆ ನಮ್ಮ ಕಡೆ ಕ್ಯಾಮೆರಾ ಬೀರು ಸೇರುತ್ತದೆ. ಒದ್ದೆಯಾದರೆ ಕೆಟ್ಟು ಹೋಗುತ್ತೆ ಅನ್ನುವ ಹೆದರಿಕೆ. ಮತ್ತೆ ಹೊರಗೆ ಬರುವುದು ದಸರಾ ರಜೆಗೆ, ಜೋಗಕ್ಕೋ ಆಗುಂಬೆಗೋ ಹೊರಟಾಗ. ನಾನೂ ಒಂದು ವರ್ಷ ಹಾಗೇ ಮಾಡಿದೆ. ಚರ್ಮದ ಕೇಸಿಗೆ ಹಾಕಿ, ಬಟ್ಟೆಗಳ ನಡುವೆ ಜೋಪಾನವಾಗಿ ಇಟ್ಟೆ. ಅಕ್ಟೋಬರ್‌ನಲ್ಲಿ ತೆಗೆದು ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಬೂಷ್ಟು. ಪೇಟೆಯಲ್ಲಿ ರಿಪೇರಿಗೆ ಕೊಟ್ಟೆ. ಬೂಷ್ಟು ಹೋಯಿತು, ಗಾಜು ಮಾತ್ರ ಮತ್ತೆ ಸರಿಯಾಗಿ ಕೂರಲಿಲ್ಲ. ಇವತ್ತಿಗೂ ಆ ಲೆನ್ಸಿನಲ್ಲಿ ತೆಗೆದ ಫೋಟೊದ ಎಡಭಾಗ ಮಸುಕು.

ಆ ಲೆನ್ಸಿನ ಮೇಲೆ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಮುಚ್ಚಿಟ್ಟಿದ್ದಕ್ಕೇ ಕೆಟ್ಟಿತು.

ಅಲ್ಲಿಂದ ಮಳೆಗಾಲದಲ್ಲೇ ಜಾಸ್ತಿ ಫೋಟೊ ತೆಗೆಯಲು ಶುರು ಮಾಡಿದೆ. ಕಲಿತದ್ದೆಲ್ಲ ಆ ನಾಲ್ಕು ತಿಂಗಳಲ್ಲೇ. ಮೋಡ ಅಂದ್ರೆ ಬಿಸಿಲಿಗೆ ಅಡ್ಡ ಕಟ್ಟಿದ ಬಿಳಿ ಪಂಚೆ ಇದ್ದಂತೆ. ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬೀಳುತ್ತದೆ. ಮುಖದ ಮೇಲೆ ಕಪ್ಪು ನೆರಳಿಲ್ಲ, ಎಲೆಯ ಮೇಲೆ ಕಣ್ಣು ಚುಚ್ಚುವ ಹೊಳಪಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಒಳ್ಳೆಯ ಫೋಟೊ ಬರುತ್ತದೆ. ಬೇಸಿಗೆಯಲ್ಲಿ ಆ ಬೆಳಕಿಗೆ ಬೆಳಗಿನ ಜಾವ ಏಳಬೇಕು.

ಹಾಗಾಗಿ ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಇಷ್ಟೇ. ಒಂದು ಮಳೆಗಾಲ ಪೂರ್ತಿ ಒಂದೇ ಜಾಗವನ್ನು ತೆಗೆಯಿರಿ. ಮೃಗಶಿರ ಮಳೆಗೆ ಶುರು ಮಾಡಿ, ಅಡಿಕೆ ಕೊಯ್ಲಿನವರೆಗೆ ಬಿಡಬೇಡಿ. ದುಬಾರಿ ಕ್ಯಾಮೆರಾ ಬೇಕಿಲ್ಲ, ಶಟರ್ (ಎಷ್ಟು ಹೊತ್ತು ಬೆಳಕು ಒಳಗೆ ಬರಬೇಕು ಅನ್ನುವುದು) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಂಕಿ) ಕೈಯಲ್ಲಿ ಬದಲಿಸಲು ಬಿಡುವ ಫೋನ್ ಸಾಕು. ಫೋನಿನಲ್ಲಿ 'ಪ್ರೊ' ಮೋಡ್ ಇಲ್ಲದಿದ್ದರೆ 'ಓಪನ್ ಕ್ಯಾಮೆರಾ'ದಂಥ ಉಚಿತ ಆ್ಯಪ್ ಹಾಕಿಕೊಳ್ಳಿ.

ಮೊದಲು ಜಾಗ ಗೊತ್ತು ಮಾಡಿ

ಮನೆಯಿಂದ ಐದು ನಿಮಿಷದಲ್ಲಿ ನಡೆದು ಹೋಗುವಂತಿರಬೇಕು. ಇದೊಂದೇ ನಿಯಮ. ಜೋಗ ಎಷ್ಟೇ ಚೆಂದವಿದ್ದರೂ ವರ್ಷಕ್ಕೆ ಎರಡು ಸಲ ಹೋಗಿ ಕಲಿಯುವುದಕ್ಕಿಂತ, ಹಿತ್ತಲಿನ ಬಾವಿಕಟ್ಟೆಗೆ ನೂರು ಸಲ ಹೋಗಿ ಕಲಿಯುವುದು ಜಾಸ್ತಿ.

ಹಳ್ಳಿಯಲ್ಲಿದ್ದರೆ ಅಂಗಳ, ಕೊಟ್ಟಿಗೆ, ತೋಟದ ದಾರಿ, ಗದ್ದೆ ಬದು, ಯಾವುದಾದರೂ ಆದೀತು. ಶಿವಮೊಗ್ಗ ಪೇಟೆಯಲ್ಲಿದ್ದರೆ ತುಂಗೆಯ ದಡವಿದೆ. ಕೋರ್ಪಲಯ್ಯ ಛತ್ರದ ಹತ್ತಿರ ಹೊಳೆಯಲ್ಲಿರುವ ಕಲ್ಲಿನ ಮಂಟಪ ಊರಿನವರಿಗೆಲ್ಲ ಗೊತ್ತು. ಗಾಜನೂರು ಡ್ಯಾಂನಿಂದ ನೀರು ಬಿಟ್ಟಾಗ ಮಂಟಪ ಎಷ್ಟು ಮುಳುಗಿತು ಅಂತ ನೋಡಲು ಜನ ಕೊಡೆ ಹಿಡಿದು ಬರುತ್ತಾರೆ. ತೀರ್ಥಹಳ್ಳಿಯವರಿಗೆ ಹೊಳೆ ನಡುವಿನ ರಾಮ ಮಂಟಪ ಇದೆ. ಇಂಥ ಜಾಗ ಕಲಿಯುವವರಿಗೆ ಚಿನ್ನ. ಮಂಟಪ ಅಲ್ಲೇ ಇರುತ್ತದೆ. ನೀರು, ಬೆಳಕು, ಜನ ಮಾತ್ರ ಬದಲಾಗುತ್ತಾರೆ.

ಜಾಗ ಸಿಕ್ಕಿದ ಮೇಲೆ ನಿಲ್ಲುವ ಒಂದು ಗುರುತು ಮಾಡಿಕೊಳ್ಳಿ. ಒಂದು ಕಲ್ಲು, ಕಂಬ, ಮೆಟ್ಟಿಲಿನ ಅಂಚು. ವಾರಕ್ಕೊಮ್ಮೆ ಅಲ್ಲೇ ನಿಂತು, ಅಷ್ಟೇ ಎತ್ತರದಿಂದ, ಅದೇ ಚೌಕಟ್ಟಿನಲ್ಲಿ ಒಂದು ಫೋಟೊ. ಜೂಮ್ ಮುಟ್ಟಬೇಡಿ. ಹಿಂದಿನ ವಾರದ ಫೋಟೊ ಫೋನಿನಲ್ಲೇ ಇರಲಿ, ಅದನ್ನು ನೋಡಿ ಹೊಂದಿಸಿ. ಮಳೆಯ ಹೆಸರಿನಲ್ಲಿ ಫೋಲ್ಡರ್ ಮಾಡಿಟ್ಟರೆ ಇನ್ನೂ ಚೆಂದ: ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಖೆ. ಒಂದೊಂದು ಸುಮಾರು ಎರಡು ವಾರ. ಜೂನ್ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗೆ ಆರು ಫೋಲ್ಡರ್ ಆಗುತ್ತದೆ. ವಾರದ ಆ ಒಂದು ಫೋಟೊ ಆದ ಮೇಲೆ ಉಳಿದ ಫೋಟೊಗಳನ್ನು ನಿಮಗೆ ಬೇಕಾದ ಹಾಗೆ ತೆಗೆಯಿರಿ. ಆದರೆ ಆ ಒಂದನ್ನು ತಪ್ಪಿಸಬೇಡಿ.

ಒಣಗಿಸಿ ಇಡುವುದು

ಗಾಳಿಯಲ್ಲಿ ತೇವ ನೂರಕ್ಕೆ ಅರವತ್ತು ದಾಟಿದರೆ ಲೆನ್ಸಿನಲ್ಲಿ ಬೂಷ್ಟು ಬೆಳೆಯಲು ಅನುಕೂಲ. ನಮ್ಮಲ್ಲಿ ಆರಿದ್ರ ಮಳೆ ಹಿಡಿದರೆ ಉಪ್ಪು ನೀರಾಗುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ. ಚರ್ಮ, ಬಟ್ಟೆ, ಮರದ ಬೀರು ಇವೆಲ್ಲ ತೇವ ಹಿಡಿದಿಟ್ಟುಕೊಳ್ಳುವ ಜಾಗಗಳು. ಕ್ಯಾಮೆರಾವನ್ನು ಅಲ್ಲಿಂದ ಮೊದಲು ಹೊರಗೆ ತೆಗೆಯಿರಿ.

ಗಾಳಿ ಆಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ತನ್ನಿ. ರಬ್ಬರ್ ಅಂಚಿನ, ಕೊಂಡಿ ಹಾಕುವ ಡಬ್ಬವಾದರೆ ಒಳ್ಳೆಯದು. ತಳಕ್ಕೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಮೇಲೆ ಕ್ಯಾಮೆರಾ. ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ಅದನ್ನೂ ಒಳಗಿಡಿ. 40ರಿಂದ 50ರ ನಡುವೆ ಇದ್ದರೆ ಸರಿ. 30ಕ್ಕಿಂತ ಕೆಳಗೆ ಬಂದರೂ ಒಳ್ಳೆಯದಲ್ಲ, ರಬ್ಬರ್ ಒಣಗುತ್ತದೆ. ಬಣ್ಣದ ಸಿಲಿಕಾ ಜೆಲ್ ನೀರು ಕುಡಿದ ಮೇಲೆ ಬಣ್ಣ ಬದಲಿಸುತ್ತದೆ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆ ಪಾತ್ರೆಗೆ ಹಾಕಲೇಬಾರದು. ಕಿತ್ತಳೆ ಬಣ್ಣದ್ದು ಸಿಕ್ಕಿದರೆ ಅದನ್ನೇ ತನ್ನಿ.

ಅಕ್ಕಿ ಡಬ್ಬದಲ್ಲಿ ಇಡಿ ಅಂತ ಹೇಳುವವರು ಇದ್ದಾರೆ. ಬೇಡ. ಅಕ್ಕಿಯ ಹಿಟ್ಟು ಬಟನ್ ಸಂದಿಗೆ ಹೋಗುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ. ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ.

ಎಲ್ಲಕ್ಕಿಂತ ದೊಡ್ಡ ಔಷಧಿ ಬಳಸುವುದು. ವಾರಕ್ಕೆ ಎರಡು ಸಲ ಹೊರಗೆ ತೆಗೆದು, ಬೆಳಕು ಗಾಳಿ ತಾಗಿದ ಲೆನ್ಸಿಗೆ ಬೂಷ್ಟು ಹಿಡಿಯುವುದು ಕಷ್ಟ.

ಹೊರಗೆ ಹೋಗುವಾಗ ಕ್ಯಾಮೆರಾಕ್ಕೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಲೆನ್ಸಿನ ಜಾಗದಲ್ಲಿ ತೂತು ಮಾಡಿ, ರಬ್ಬರ್ ಬ್ಯಾಂಡ್ ಬಿಗಿಯಿರಿ. ಜೇಬಿನಲ್ಲಿ ಹಳೇ ಹತ್ತಿ ಪಂಚೆಯ ತುಂಡು ಇರಲಿ, ಅದು ಕ್ಯಾಮೆರಾದ ಮೈ ಒರೆಸಲು. ಗಾಜಿಗೆ ಬೇರೆ ಮೆತ್ತನೆ ಬಟ್ಟೆ. ಫೋನಿನವರು ಪ್ರತಿ ಸಲ ಕ್ಲಿಕ್ ಮಾಡುವ ಮುಂಚೆ ಲೆನ್ಸ್ ಒರೆಸಿ. ಮಬ್ಬು ಬಂದ ಎಷ್ಟೋ ಫೋಟೊಗಳಿಗೆ ಕಾರಣ ಬೆರಳಿನ ಜಿಡ್ಡು ಅಷ್ಟೇ. 'ವಾಟರ್‌ಪ್ರೂಫ್' ಅಂತ ಬರೆದಿರುವ ಫೋನಾದರೂ ಚಾರ್ಜಿಂಗ್ ತೂತು ಒಣಗುವ ತನಕ ಚಾರ್ಜಿಗೆ ಹಾಕಬೇಡಿ. ಎಸಿ ಕಾರಿನಿಂದ ಇಳಿದ ತಕ್ಷಣ ಗಾಜು ಮಂಜಾದರೆ ಒರೆಸುತ್ತಾ ನಿಲ್ಲಬೇಡಿ. ಬ್ಯಾಗಿನಲ್ಲೇ ಅರ್ಧ ಗಂಟೆ ಬಿಟ್ಟರೆ ತಾನಾಗಿ ಹೋಗುತ್ತದೆ.

ಸೂರಿನ ನೀರು ಕಲಿಸುವ ಪಾಠ

ಶಟರ್ ಸ್ಪೀಡ್ ಅಂದ್ರೇನು ಅಂತ ಓದಿ ಅರ್ಥವಾಗುವುದಕ್ಕಿಂತ ಜಗಲಿಯಲ್ಲಿ ಕೂತರೆ ಬೇಗ ಅರ್ಥವಾಗುತ್ತದೆ. ಹೆಂಚಿನ ಮಾಡಿನಿಂದ ನೀರು ಸಾಲಾಗಿ ಇಳಿಯುತ್ತಿರುತ್ತದಲ್ಲ, ಅದನ್ನೇ ನೋಡಿ. ಹಿಂದೆ ಕತ್ತಲೆ ಕತ್ತಲೆ ತೋಟ ಇರುವಂತೆ ಕೂತುಕೊಳ್ಳಿ. ಹಿಂದೆ ಬಿಳಿ ಆಕಾಶ ಬಂದರೆ ನೀರು ಕಾಣುವುದೇ ಇಲ್ಲ.

ಫೋನನ್ನು ಯಾವುದಕ್ಕಾದರೂ ಒರಗಿಸಿ ಅಲ್ಲಾಡದಂತೆ ಇಡಿ. ಒಂದೇ ಚೌಕಟ್ಟಿನಲ್ಲಿ ನಾಲ್ಕು ಫೋಟೊ ತೆಗೆಯಿರಿ. ಮೊದಲನೆಯದು 1/1000 ಸೆಕೆಂಡ್, ಎರಡನೆಯದು 1/125, ಮೂರನೆಯದು 1/30, ನಾಲ್ಕನೆಯದು 1/4. ಪ್ರತಿ ಸಲ ಐಎಸ್‌ಒ ಏರಿಸಿ ಇಳಿಸಿ ಬೆಳಕು ಆದಷ್ಟು ಒಂದೇ ಥರ ಇರುವಂತೆ ನೋಡಿಕೊಳ್ಳಿ. ಐಎಸ್‌ಒ ಪೂರ್ತಿ ಇಳಿಸಿದರೂ 1/4ರಲ್ಲಿ ಫೋಟೊ ಬೆಳ್ಳಗಾದರೆ ಅದೊಂದನ್ನು ಸಂಜೆ ಮಬ್ಬಿನಲ್ಲಿ ತೆಗೆಯಿರಿ.

ಎರಡು ಮೀಟರ್ ಕೆಳಗೆ ಬಿದ್ದ ಹನಿಯ ವೇಗ ಸೆಕೆಂಡಿಗೆ ಸುಮಾರು ಆರು ಮೀಟರ್. 1/1000 ಸೆಕೆಂಡಿನಲ್ಲಿ ಅದು ಆರು ಮಿಲಿಮೀಟರ್ ಸರಿಯುತ್ತದೆ, ಹಾಗಾಗಿ ಮಣಿಯ ಹಾಗೆ ನಿಂತು ಕಾಣುತ್ತದೆ. 1/125ರಲ್ಲಿ ಸುಮಾರು ಐದು ಸೆಂಟಿಮೀಟರ್ ಉದ್ದದ ಗೆರೆ. 1/30ರಲ್ಲಿ ಒಂದು ಗೇಣಿನಷ್ಟು ದಾರ. 1/4ರಲ್ಲಿ ಹನಿಯೇ ಇಲ್ಲ, ಬರೀ ಹೊಗೆಯಂಥ ಪರದೆ. ಯಾವುದು ಸರಿ ಅಂತ ಕೇಳಿದರೆ ನನಗೆ ಸೂರಿನ ನೀರಿಗೆ 1/125 ಇಷ್ಟ, ಯಾಕಂದ್ರೆ ಮಳೆ ನಮ್ಮ ಕಣ್ಣಿಗೆ ಕಾಣುವುದು ಹಾಗೆ. ಹೊಳೆ, ಅಬ್ಬಿಗೆ ಎಲ್ಲರೂ ಒಂದು ಸೆಕೆಂಡ್ ಇಟ್ಟು ರೇಷ್ಮೆಯಂತೆ ಮಾಡುತ್ತಾರೆ. ಸಣ್ಣ ಹಳ್ಳಕ್ಕೆ ಅದು ಒಪ್ಪುತ್ತದೆ. ಪುಷ್ಯ ಮಳೆಯಲ್ಲಿ ಕೆಂಪಾಗಿ ನುಗ್ಗುವ ತುಂಗೆಗೆ ಒಪ್ಪುವುದಿಲ್ಲ. ಅಲ್ಲಿ 1/500 ಇಡಿ, ನೀರಿನ ಸಿಟ್ಟು ಕಾಣಲಿ.

ಈ ನಾಲ್ಕು ಫೋಟೊಗಳನ್ನು ಒಂದು ವಾರ ದಿನಾ ತೆಗೆಯಿರಿ. ಆಮೇಲೆ ಆಟೋ ಮೋಡ್‌ಗೆ ಹೋಗಲು ನಿಮಗೇ ಮನಸ್ಸು ಬರುವುದಿಲ್ಲ.

ಮಂಜಿಗೆ ಒಂದು ಲೆಕ್ಕ, ಬೆಳ್ಳಕ್ಕಿಗೆ ಇನ್ನೊಂದು

ಕ್ಯಾಮೆರಾಕ್ಕೆ ಬಿಳಿ ಯಾವುದು, ಬೂದಿ ಯಾವುದು ಗೊತ್ತಿಲ್ಲ. ಎಲ್ಲವನ್ನೂ ಮಧ್ಯಮ ಬೂದಿ ಮಾಡಲು ನೋಡುತ್ತದೆ. ಬೆಳಗ್ಗೆ ಗದ್ದೆ ಮೇಲೆ ಮಂಜು ಕವಿದಾಗ ತೆಗೆದರೆ ಫೋಟೊ ಕೊಳಕು ಬೂದಿಯಾಗಿ ಬರುವುದು ಅದಕ್ಕೇ. ಆಗ ಬೆಳಕು ಏರಿಸಿ ಇಳಿಸುವ ಎಕ್ಸ್‌ಪೋಷರ್ ಪಟ್ಟಿಯನ್ನು +0.7 ಅಥವಾ +1ಕ್ಕೆ ಏರಿಸಿ. ಮಂಜು ಬೆಳ್ಳಗಾಗುತ್ತದೆ.

ಬೆಳ್ಳಕ್ಕಿಗೆ ಉಲ್ಟಾ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತವೆ. ಕಡು ಹಸಿರು ಮರ, ಅದರ ಮೇಲೆ ಬಿಳಿ ಹಕ್ಕಿ. ಕ್ಯಾಮೆರಾ ಮರವನ್ನು ನೋಡಿ ಬೆಳಕು ಏರಿಸುತ್ತದೆ, ಹಕ್ಕಿ ಸುಣ್ಣದ ಉಂಡೆಯಾಗುತ್ತದೆ. ಅಲ್ಲಿ -0.7 ಅಥವಾ -1ಕ್ಕೆ ಇಳಿಸಿ. ರೆಕ್ಕೆಯ ಗರಿ ಗರಿ ಕಾಣುತ್ತದೆ. ಫೋನಿನಲ್ಲಿ ಹಕ್ಕಿಯ ಮೇಲೆ ಬೆರಳಿಟ್ಟು, ಸೂರ್ಯನ ಗುರುತನ್ನು ಕೆಳಗೆ ಎಳೆದರೂ ಇದೇ ಕೆಲಸ ಆಗುತ್ತದೆ.

ಇದನ್ನು ಮನೆಯಲ್ಲೇ ಅಭ್ಯಾಸ ಮಾಡಬಹುದು. ಸುಣ್ಣದ ಗೋಡೆ ಮುಂದೆ ಬಿಳಿ ಅಂಗಿಯವರನ್ನು ನಿಲ್ಲಿಸಿ, ಆಮೇಲೆ ಕೊಟ್ಟಿಗೆಯ ಬಾಗಿಲಲ್ಲಿ ಅವರನ್ನೇ ನಿಲ್ಲಿಸಿ. ಎರಡು ಕಡೆಯೂ ಅಂಗಿಯ ನೆರಿಗೆ ಕಾಣಬೇಕು.

ಹಸಿರನ್ನು ಹಸಿರಾಗಿಯೇ ಉಳಿಸಿ

ಅಡಿಕೆ ತೋಟದೊಳಗೆ ಬೆಳಕೇ ಹಸಿರು. ಆಟೋ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣ ಹೊಂದಿಸುವುದು) ಅದನ್ನು ಸರಿ ಮಾಡಲು ಹೋಗಿ ಮುಖವನ್ನು ನೇರಳೆ ಮಾಡುತ್ತದೆ, ಇಲ್ಲವೇ ಒಂದೊಂದು ಫೋಟೊಗೆ ಒಂದೊಂದು ಬಣ್ಣ ಕೊಡುತ್ತದೆ. ಅದನ್ನು 5500 ಕೆಲ್ವಿನ್ ಹತ್ತಿರ ಒಂದೇ ಕಡೆ ನಿಲ್ಲಿಸಿಬಿಡಿ. ಇನ್ನೊಂದು ವಿಷಯ ಕೊಡೆ. ಕೆಂಪು ಕೊಡೆ ಹಿಡಿದವರ ಮುಖ ಕೆಂಪಾಗುತ್ತದೆ, ನೀಲಿ ಕೊಡೆಯವರದು ನೀಲಿ. ಮುಖದ ಫೋಟೊ ಬೇಕಾದರೆ ಕರಿ ಕೊಡೆಯೇ ವಾಸಿ.

ಒದ್ದೆ ಎಲೆಯ ಮೇಲೆ ಆಕಾಶದ ಹೊಳಪು ಕೂತು ಹಸಿರು ತೆಳ್ಳಗಾಗುತ್ತದೆ. ಲೆನ್ಸಿನ ಮುಂದೆ ಪೋಲರೈಸರ್ ಹಾಕಿ ನಿಧಾನವಾಗಿ ತಿರುಗಿಸಿದರೆ ಹೊಳಪು ಹೋಗಿ ಒಳಗಿನ ಬಣ್ಣ ಏಳುವುದು ಕಣ್ಣಿಗೇ ಕಾಣುತ್ತದೆ. ಕ್ಯಾಮೆರಾ ಇರುವವರು ಕೊಳ್ಳಬೇಕಾದ ಮೊದಲ ಫಿಲ್ಟರ್ ಇದೇ ಅಂತ ನನ್ನ ಅಭಿಪ್ರಾಯ. ಅದು ಬೆಳಕನ್ನು ಅರ್ಧಕ್ಕಿಂತ ಜಾಸ್ತಿ ತಿನ್ನುತ್ತದೆ, ಹಾಗಾಗಿ ಕೈ ನಡುಗದಂತೆ ಒರಗಲು ಕಂಬ ನೋಡಿಕೊಳ್ಳಿ.

ಮೋಡದ ಆಕಾಶ ಫೋಟೊದಲ್ಲಿ ಬರೀ ಬಿಳಿ ಗೋಡೆ. ಅದನ್ನು ಬಿಟ್ಟುಬಿಡಿ. ಕ್ಯಾಮೆರಾ ಸ್ವಲ್ಪ ಕೆಳಗೆ ಬಗ್ಗಿಸಿ, ನೆಲ ತೋರಿಸಿ. ಮಳೆಗಾಲದ ಮಲೆನಾಡಿನ ಚೆಂದ ನೆಲದ ಹತ್ತಿರವೇ ಇದೆ: ಪಾಚಿ ಹಿಡಿದ ಪಾಗಾರ, ಕೆಸುವಿನ ಎಲೆಯ ಮೇಲೆ ಓಡಾಡುವ ನೀರು, ಕಳಲೆ, ಅಣಬೆ, ಗೊರಬು (ಎಲೆಯ ಮಳೆಗವಸು) ಸೂಡಿ ಬಗ್ಗಿ ನಾಟಿ ಮಾಡುವವರ ಬೆನ್ನು. ಒತ್ತುವ ಮುಂಚೆ ಚೌಕಟ್ಟಿನ ನಾಲ್ಕು ಮೂಲೆ ಒಮ್ಮೆ ನೋಡಿ. ಕರೆಂಟ್ ತಂತಿ, ಅರ್ಧ ಚಪ್ಪಲಿ, ಬಕೆಟ್ ಇದ್ದರೆ ಒಂದು ಹೆಜ್ಜೆ ಆಚೀಚೆ ಹೋದರೆ ಸಾಕು.

ಒಂದು ಹೊತ್ತನ್ನು ಮಾತ್ರ ಯಾವತ್ತೂ ಬಿಡಬೇಡಿ. ಸುರಿದು ಸುರಿದು ಮಳೆ ಹೊಳವಾಗುತ್ತದಲ್ಲ, ಆ ಹತ್ತು ನಿಮಿಷ. ಗಾಳಿಯ ಧೂಳೆಲ್ಲ ತೊಳೆದು ಹೋಗಿರುತ್ತದೆ, ಗುಡ್ಡದಿಂದ ಮಂಜು ಏಳುತ್ತಿರುತ್ತದೆ, ಮೋಡದ ಸಂದಿಯಿಂದ ಬೆಳಕು ಒಂದೇ ಮರಕ್ಕೆ ಬೀಳುತ್ತದೆ. ಚಹಾ ಕುಡಿಯುತ್ತಾ ಕೂತಿದ್ದರೆ ಲೋಟ ಕೆಳಗಿಟ್ಟು ಏಳಿ.

ವಿಡಿಯೊ: ಅಡಿಕೆ ಸುಲಿಯುವ ರಾತ್ರಿ

ವಿಡಿಯೊ ಕಲಿಯಲು ಒಂದೇ ಕೆಲಸ ಮತ್ತೆ ಮತ್ತೆ ನಡೆಯುವ ಜಾಗ ಹುಡುಕಿ. ಒಂದು ಸಲ ತಪ್ಪಿದರೂ ಮುಂದಿನ ಸಲ ಸಿಗುತ್ತದೆ. ನಮ್ಮ ಕಡೆ ಅದಕ್ಕೆ ಅಡಿಕೆ ಸುಲಿತಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮಳೆ ಮುಗಿದು ಅಡಿಕೆ ಗೊನೆ ಕೊಯ್ಲು ಶುರುವಾದರೆ ಸಂಜೆಯಿಂದ ರಾತ್ರಿಯವರೆಗೆ ಅಂಗಳದ ಚಪ್ಪರದಲ್ಲಿ ಮೆಟ್ಟುಗತ್ತಿ ಸಾಲಾಗಿ ಕೂರುತ್ತವೆ. ಒಂದೊಂದು ಅಡಿಕೆಯನ್ನು ಕತ್ತಿಗೆ ಒತ್ತಿ, ತಿರುಗಿಸಿ, ಸಿಪ್ಪೆ ಬಿಡಿಸಿ ಬುಟ್ಟಿಗೆ ಹಾಕುವುದು. ಒಬ್ಬೊಬ್ಬರು ರಾತ್ರಿಗೆ ಸಾವಿರಾರು ಸಲ.

ನಾನು ಮೊದಲ ಸಲ ತೆಗೆದಿದ್ದು ತೀರ್ಥಹಳ್ಳಿ ಹತ್ತಿರ ದೊಡ್ಡಮ್ಮನ ಮನೆಯಲ್ಲಿ. ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ವಿಡಿಯೊ ತುಂಬಾ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಉರುಳುತ್ತಿದ್ದವು. ಎರಡು ಗಂಟೆಯ ಕೆಲಸ ಹೋಯಿತು. ಕಾರಣ ಬಲ್ಬು. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ, ಕಡಿಮೆ ಬೆಲೆಯ ಎಲ್‌ಇಡಿಯಲ್ಲಿ ಜಾಸ್ತಿ. ಎಷ್ಟೋ ಫೋನುಗಳು ಬಂದಾಗ ಸೆಕೆಂಡಿಗೆ 30 ಫ್ರೇಮ್ (ಬಿಡಿ ಚಿತ್ರ), 1/60 ಶಟರ್ ಇಟ್ಟುಕೊಂಡಿರುತ್ತವೆ. ಎರಡೂ ತಾಳ ಕೂಡದೆ ಪಟ್ಟಿ ಬರುತ್ತದೆ. ಪರಿಹಾರ ಸುಲಭ. ಫ್ರೇಮ್ 25ಕ್ಕೆ ಇಡಿ, ಶಟರ್ 1/50ಕ್ಕೆ ನಿಲ್ಲಿಸಿ. ಕೆಲವು ಫೋನುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ 'ಪಾಲ್' ಎಂಬುದನ್ನು ಆನ್ ಮಾಡಿದರೆ ಮಾತ್ರ 25 ಕಾಣಿಸುತ್ತದೆ. 25 ಇಲ್ಲವೇ ಇಲ್ಲ ಅಂದ್ರೆ 30ರಲ್ಲೇ ಇಟ್ಟು ಶಟರ್ 1/50 ಅಥವಾ 1/100 ಮಾಡಿ. ಹೋದ ತಕ್ಷಣ ಹತ್ತು ಸೆಕೆಂಡ್ ತೆಗೆದು, ಅಲ್ಲೇ ನೋಡಿ, ಆಮೇಲೆ ಮುಂದುವರಿಯಿರಿ.

ಎರಡನೇ ಸಲ ಹೋದಾಗ ಒಂದು ಕ್ರಮ ಇಟ್ಟುಕೊಂಡೆ. ಈಗಲೂ ಅದನ್ನೇ ಮಾಡುತ್ತೇನೆ.

ಮೊದಲು ದೂರ. ಅಂಗಳ ದಾಟಿ ತೋಟದ ಕಡೆ ಕತ್ತಲಲ್ಲಿ ನಿಂತು ಇಡೀ ಚಪ್ಪರ. ಸುತ್ತ ಕಪ್ಪು, ನಡುವೆ ಒಂದು ಹಳದಿ ಪೆಟ್ಟಿಗೆಯಂತೆ ಬೆಳಕು, ಒಳಗೆ ತಲೆಗಳು. ನೋಡುವವರಿಗೆ ಎಲ್ಲಿದ್ದೇವೆ ಅಂತ ತಿಳಿಯುವುದು ಈ ಒಂದು ಶಾಟ್‌ನಿಂದ.

ಆಮೇಲೆ ಮಧ್ಯ. ಇಬ್ಬರು ಅಕ್ಕಪಕ್ಕ ಕೂತು ಮಾತಾಡುತ್ತಾ ಸುಲಿಯುವುದು. ಮಂಡಿಯ ಎತ್ತರಕ್ಕೆ ಕ್ಯಾಮೆರಾ ಇಳಿಸಿ, ನೀವೂ ನೆಲದಲ್ಲಿ ಕೂತುಕೊಳ್ಳಿ. ನಿಂತು ಮೇಲಿಂದ ತೆಗೆದರೆ ಬರೀ ನೆತ್ತಿ.

ಆಮೇಲೆ ಹತ್ತಿರ. ಕೈ. ಹೆಬ್ಬೆರಳಿನ ಒತ್ತು, ಸಿಪ್ಪೆ ಸೀಳುವುದು, ಅಡಿಕೆ ಬುಟ್ಟಿಗೆ ಬೀಳುವುದು. ಚೊಗರು ಹತ್ತಿ ಕಪ್ಪಾದ ಬೆರಳ ತುದಿ. ನಾನು ಇಪ್ಪತ್ತು ನಿಮಿಷ ಕೈಯನ್ನೇ ತೆಗೆಯುತ್ತಿದ್ದಾಗ ದೊಡ್ಡಮ್ಮ ಕೇಳಿದರು, "ಎಷ್ಟೊತ್ತು ಕೈಯನ್ನೇ ತೆಗಿತೀಯೋ ಮಾರಾಯ, ಮುಖ ಬೇಡ್ವಾ ನಿಂಗೆ?" ಪಕ್ಕದವರೆಲ್ಲ ನಕ್ಕರು. ಆ ನಗು ಸಿಕ್ಕಿತು, ಅದೇ ಆ ರಾತ್ರಿಯ ಒಳ್ಳೆಯ ಶಾಟ್. ಮೊದಲ ಒಂದು ಗಂಟೆ ಎಲ್ಲರೂ ಸೆರಗು ಸರಿ ಮಾಡಿಕೊಂಡು ಬಿಗಿಯಾಗಿ ಕೂತಿದ್ದರು. ಕ್ಯಾಮೆರಾ ಮರೆತುಹೋಗಲು ಅಷ್ಟು ಹೊತ್ತು ಬೇಕು. ಅವಸರ ಇದ್ದರೆ ಆ ದಿನ ಹೋಗಲೇಬೇಡಿ.

ಪ್ರತಿ ಶಾಟ್ ಹತ್ತು ಸೆಕೆಂಡ್. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಕೈ ಅಲ್ಲಾಡಿಸಬೇಡಿ. ಆಚೀಚೆ ತಿರುಗಿಸುವುದು, ಜೂಮ್ ಎಳೆಯುವುದು ಎರಡೂ ಬೇಡ. ನೋಡುವ ಕಣ್ಣಿಗೆ ಅಲೆದಾಟ ಆಗುತ್ತದೆ, ಎಡಿಟ್ ಮಾಡುವಾಗ ಕತ್ತರಿಸಲು ಜಾಗ ಸಿಗುವುದಿಲ್ಲ. ಒಂದೇ ಕೆಲಸವನ್ನು ಮೂರು ಕಡೆಯಿಂದ ತೆಗೆದಿದ್ದರೆ ಜೋಡಿಸುವುದು ಎಷ್ಟು ಸಲೀಸು ಅಂತ ನಿಮಗೇ ಗೊತ್ತಾಗುತ್ತದೆ: ಅಡಿಕೆ ಎತ್ತಿಕೊಂಡಿದ್ದು ಮಧ್ಯದ ಶಾಟ್‌ನಲ್ಲಿ, ಕತ್ತಿಗೆ ಒತ್ತಿದ್ದು ಹತ್ತಿರದ್ದರಲ್ಲಿ, ಬುಟ್ಟಿಗೆ ಬಿದ್ದಿದ್ದು ಇನ್ನೊಂದರಲ್ಲಿ.

ಆ ರಾತ್ರಿ ಒಂದು ತೊಂದರೆ ಮಾತ್ರ ಸರಿ ಹೋಗಲಿಲ್ಲ. ಬಲ್ಬು ಅವರ ಬೆನ್ನ ಹಿಂದಿನ ಕಂಬದಲ್ಲಿತ್ತು. ಅವರದ್ದೇ ನೆರಳು ಅವರ ಕೈ ಮೇಲೆ ಬೀಳುತ್ತಿತ್ತು. ಬೆಳಕು ಪಕ್ಕದಿಂದ ಬಂದರೆ ಸಿಪ್ಪೆಯ ನಾರು, ಬೆರಳಿನ ಗೆರೆ ಎಲ್ಲ ಎದ್ದು ಕಾಣುತ್ತವೆ. ಕೆಲಸ ಮಾಡುವವರಿಗೂ ಅದೇ ಅನುಕೂಲ. ನಾನು ಹಾಗಂತ ಹೇಳಿದೆ ಅಷ್ಟೇ. ಮತ್ತೊಬ್ಬರ ಕೆಲಸದ ನಡುವೆ ಬಲ್ಬು ಬಿಚ್ಚಿಸುವುದು ಸರಿ ಅನ್ನಿಸಲಿಲ್ಲ.

ಸುಲಿತವೇ ಆಗಬೇಕು ಅಂತಿಲ್ಲ. ಸಾಗರದ ಕಡೆಯವರಾದರೆ ಭೂಮಿ ಹುಣ್ಣಿಮೆಗೆ ಮುಂಚೆ ದೀವರ ಸಮುದಾಯದ ಮನೆಗಳಲ್ಲಿ, ಭೂಮಿಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವುದನ್ನು ಕೇಳಿಕೊಂಡು ತೆಗೆಯಿರಿ. ಕೆಮ್ಮಣ್ಣು ಬಳಿದ ಬುಟ್ಟಿ, ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ ಗೆರೆ. ಉಸಿರು ಹಿಡಿದು ಎಳೆಯುವ ಆ ಗೆರೆಯನ್ನು ಒಂದೇ ಶಾಟ್‌ನಲ್ಲಿ, ಕತ್ತರಿಸದೆ, ಪೂರ್ತಿ ಹಿಡಿಯಬೇಕು.

ಶಬ್ದಕ್ಕೆ ಅರ್ಧ ಮನಸ್ಸು ಕೊಡಿ

ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ತಗಡಿನ ಶೀಟ್ ಮೇಲೆ ಮಳೆ ಬಿದ್ದರೆ ಯಾವ ಮೈಕೂ ಕೆಲಸ ಮಾಡುವುದಿಲ್ಲ, ಹೆಂಚಿನ ಮನೆಯೊಳಗೆ ಪರವಾಗಿಲ್ಲ. ಮಾತಾಡಿಸುವುದಿದ್ದರೆ ಒಳಗೆ ಕರೆದುಕೊಂಡು ಹೋಗಿ. ಇನ್ನೊಂದು ಫೋನನ್ನು ರೆಕಾರ್ಡರ್ ಮಾಡಿ ಅವರ ಅಂಗಿ ಜೇಬಿನಲ್ಲೋ ಮಡಿಲಲ್ಲೋ ಇಟ್ಟರೂ ಸಾಕು. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ, ಆಮೇಲೆ ಚಿತ್ರ, ಶಬ್ದ ಹೊಂದಿಸಲು ಅದೇ ಗುರುತು.

ಹೊರಡುವ ಮುಂಚೆ ಯಾರೂ ಮಾತಾಡದೆ ಒಂದು ನಿಮಿಷ ಆ ಜಾಗದ ಸದ್ದನ್ನು ಮಾತ್ರ ಹಿಡಿಯಿರಿ. ಜೀರುಂಡೆ, ಕಪ್ಪೆ, ಸೂರಿನ ನೀರು, ಬುಟ್ಟಿಗೆ ಅಡಿಕೆ ಬೀಳುವ ಟಪ್ ಟಪ್. ಎಡಿಟ್‌ನಲ್ಲಿ ಎರಡು ಶಾಟ್ ಸೇರುವ ಕಡೆಯೆಲ್ಲ ಕೆಳಗೆ ಇದನ್ನು ಹಾಸಿದರೆ ಕತ್ತರಿಸಿದ್ದು ಗೊತ್ತೇ ಆಗುವುದಿಲ್ಲ. ಇಂಥ ಸದ್ದು ಇರುವಾಗ ಎಲ್ಲಿಂದಲೋ ಡೌನ್‌ಲೋಡ್ ಮಾಡಿದ ಹಾಡು ಯಾಕೆ?

ದೂರ ಹೋದಾಗ

ಅಂಗಳದಲ್ಲಿ ಕೈ ಪಳಗಿದ ಮೇಲೆ ಜೋಗಕ್ಕೆ ಹೋಗಿ. 253 ಮೀಟರ್ ಎತ್ತರದಿಂದ ಬೀಳುವ ನೀರು ಎಷ್ಟಿರುತ್ತದೆ ಅನ್ನುವುದು ಲಿಂಗನಮಕ್ಕಿ ಡ್ಯಾಂ ಅನ್ನು ನಂಬಿಕೊಂಡಿದೆ. ನೀರು ಡ್ಯಾಂ ತುಂಬುವ ಮಟ್ಟ 1819 ಅಡಿಗೆ ಹತ್ತಿರ ಬರುತ್ತಿದೆ ಅಂತ ಪೇಪರಿನಲ್ಲಿ ಓದಿದರೆ ಬ್ಯಾಗ್ ತಯಾರು ಮಾಡಿಕೊಳ್ಳಿ. ಅಲ್ಲಿ ಮಂಜು ಮುಚ್ಚುತ್ತದೆ, ತೆರೆಯುತ್ತದೆ. ಐದು ನಿಮಿಷ ನೋಡಿ ವಾಪಸ್ ಹೋಗುವವರಿಗೆ ಬಿಳಿ ಪರದೆ ಮಾತ್ರ ಸಿಗುತ್ತದೆ. ಎರಡು ಗಂಟೆ ಇಟ್ಟುಕೊಂಡು ಹೋಗಿ. ಕಾಮನಬಿಲ್ಲು ಬೇಕಾದರೆ ಸೂರ್ಯ ನಿಮ್ಮ ಬೆನ್ನಿಗಿರಬೇಕು.

ಸಕ್ರೆಬೈಲಿನಲ್ಲಿ ಬೆಳಗ್ಗೆ ಆನೆ ಸ್ನಾನ. ನೀರಿನ ಹನಿ ನಿಲ್ಲಿಸಲು 1/1000 ಇಡಿ, ಮಾವುತರು ಹೇಳಿದ ದೂರ ದಾಟಬೇಡಿ. ಇಕ್ಕೇರಿ, ಕೆಳದಿಯ ದೇವಸ್ಥಾನಗಳ ಕೆತ್ತನೆಗೆ ಮೋಡದ ಬೆಳಕು ಸಾಲದು, ಬೆಳಗಿನ ಓರೆ ಬಿಸಿಲು ಬೇಕು. ಅದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಆಗುಂಬೆ ಕಾಡಿನಲ್ಲಿ ಕಪ್ಪೆ, ಹಾವು ತೆಗೆಯುವವರು ಈಗ ತುಂಬ ಜನ. ಕಪ್ಪೆಯನ್ನು ಕೈಯಲ್ಲಿ ಎತ್ತಿ ಬೇರೆ ಎಲೆ ಮೇಲೆ ಕೂರಿಸಿ ತೆಗೆಯುವುದನ್ನು ನಾನು ನೋಡಿದ್ದೇನೆ, ನನಗೆ ಸಂಕಟವಾಗುತ್ತದೆ. ಅದರ ಚರ್ಮಕ್ಕೆ ನಮ್ಮ ಕೈಯ ಉಪ್ಪು, ಸೊಳ್ಳೆ ಔಷಧಿ ಎರಡೂ ವಿಷ. ಗೂಡಿನ ಮುಂದಿನ ಎಲೆ ಕೀಳುವುದು, ಸಿಂಗಳೀಕಕ್ಕೆ ಬಾಳೆಹಣ್ಣು ತೋರಿಸಿ ಕರೆಯುವುದು ಕೂಡ ಬೇಡ. ಕಾಡು, ಅಣೆಕಟ್ಟೆಗಳ ಮೇಲೆ ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ. ಇಂಬಳಕ್ಕೆ (ಜಿಗಣೆಗೆ) ಉಪ್ಪಿನ ಸಣ್ಣ ಗಂಟು ಜೊತೆಗಿರಲಿ.

ಆರಿಸಿ, ತೋರಿಸಿ, ಕೊಡಿ

ತೆಗೆದ ದಿನವೇ ಡಿಲೀಟ್ ಮಾಡಬೇಡಿ. ಒಂದು ವಾರ ಬಿಟ್ಟು ನೋಡಿ. ಆ ಮಳೆಯಲ್ಲಿ ನೆನೆದ ಕಷ್ಟ ಮರೆತ ಮೇಲೆ ಫೋಟೊ ಮಾತ್ರ ಉಳಿಯುತ್ತದೆ. ಆಗ ನೂರರಲ್ಲಿ ಐದು ಉಳಿಸಿಕೊಂಡರೆ ಸಾಕು. ಉಳಿಸಿಕೊಂಡದ್ದು ಎರಡು ಕಡೆ ಕಾಪಿ ಇರಲಿ, ಒಂದು ಮನೆಯ ಹಾರ್ಡ್ ಡಿಸ್ಕ್, ಇನ್ನೊಂದು ಬೇರೆ ಮನೆಯಲ್ಲಿ. ಫೋನಿನ 4ಕೆ ವಿಡಿಯೊ ನಿಮಿಷಕ್ಕೆ 170ರಿಂದ 350 ಎಂಬಿ ತಿನ್ನುತ್ತದೆ, ಕಲಿಯುವಾಗ ಅದಕ್ಕಿಂತ ಸಣ್ಣ ಅಳತೆಯ 1080 ಸಾಕು. ಎಡಿಟ್‌ನಲ್ಲಿ ಹಸಿರನ್ನು ಎಳೆದು ಗಿಣಿ ಬಣ್ಣ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಕಿಟಕಿಯಿಂದ ಹೊರಗೆ ಒಂದು ಸಲ ನೋಡಿ, ಅಷ್ಟಕ್ಕೇ ನಿಲ್ಲಿಸಿ.

ಆಮೇಲೆ ನಾಲ್ಕು ಜನರ ಜೊತೆ ಕೂತು ನೋಡಿ. ನೋಡಿ ಮಾತಾಡುವುದು ನಮ್ಮ ಕಡೆಗೆ ಹೊಸದಲ್ಲ. ಹೆಗ್ಗೋಡಿನ ನೀನಾಸಂ 1973ರಲ್ಲೇ ಚಿತ್ರಸಮಾಜ ಶುರು ಮಾಡಿ, ಅಡಿಕೆ ತೋಟದ ನಡುವಿನ ಊರಿನಲ್ಲಿ ದೇಶ ವಿದೇಶದ ಸಿನಿಮಾ ತೋರಿಸಿತ್ತು. ನಿಮ್ಮ ವಿಡಿಯೊ ನೋಡುವಾಗ ನೀವು ಪರದೆ ನೋಡಬೇಡಿ, ನೋಡುವವರ ಮುಖ ನೋಡಿ. ಎಲ್ಲಿ ಕಣ್ಣು ಆಚೆ ಹೋಯಿತೋ ಅಲ್ಲಿ ಕತ್ತರಿ ಹಾಕಬೇಕು.

ಫೋಟೊದಲ್ಲಿ ಇರುವವರಿಗೆ ಒಂದು ಪ್ರಿಂಟ್ ಕೊಡಿ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದು ಮೇಲೆ ಮೇಲೆ ಹೋಗಿಬಿಡುತ್ತದೆ. ಸುಲಿತದ ವಿಡಿಯೊವನ್ನು ನಾನು ದೊಡ್ಡಮ್ಮನ ಮನೆಯ ಟಿವಿಗೆ ಪೆನ್‌ಡ್ರೈವ್ ಹಾಕಿ ತೋರಿಸಿದೆ, ಕೆಲಸಕ್ಕೆ ಬರುವವರನ್ನೂ ಕರೆದಿದ್ದೆವು. ನಾಲ್ಕು ನಿಮಿಷದ ವಿಡಿಯೊ, ಮೂರು ಸಲ ಹಾಕಿಸಿದರು. ಒಬ್ಬರು ಟಿವಿ ಹತ್ತಿರ ಹೋಗಿ ತಮ್ಮ ಕೈಯನ್ನು ತೋರಿಸಿ, "ಇದು ನಂದೇ, ಬಳೆ ನೋಡಿ" ಅಂದರು.

ಮುಂದಿನ ವರ್ಷ ದೀಪಾವಳಿ ಕಳೆದ ವಾರ ದೊಡ್ಡಮ್ಮನೇ ಫೋನ್ ಮಾಡಿದರು. "ಸುಲಿತ ಶುರು ಆಯ್ತು ಕಣೋ. ಈ ಸಲ ಬಲ್ಬನ್ನ ಆ ಪಕ್ಕದ ಕಂಬಕ್ಕೆ ಕಟ್ಟಿಸಿದ್ದೀನಿ, ಕೈ ಮೇಲೆ ನೆರಳು ಬೀಳಲ್ಲ. ಯಾವಾಗ ಬರ್ತೀಯ?"